ಪಿಇ ಜಲಸಂಪನ್ಮೂಲ ಪರೀಕ್ಷೆ: ಕ್ಯುಸೆಕ್ ಹಿಡಿದು ಓದಿದ ನನ್ನ ಅನುಭವ

ಅಮೆರಿಕದ ಪಿಇ (ಪ್ರೊಫೆಷನಲ್ ಎಂಜಿನಿಯರ್) ಪರವಾನಗಿ ಪರೀಕ್ಷೆಯಲ್ಲಿ ಸಿವಿಲ್‌ನವರಿಗೆ ‘ಜಲಸಂಪನ್ಮೂಲ ಮತ್ತು ಪರಿಸರ’ ಅಂತ ಒಂದು ವಿಭಾಗವಿದೆ. ನಾನು ಅದಕ್ಕೆ ಓದಿದ್ದು ಶಿವಮೊಗ್ಗದಲ್ಲಿ, ಕೆಲಸದ ಜೊತೆಜೊತೆಗೇ. ಇಲ್ಲಿ ಬಿಇ ಮಾಡಿದವರಿಗೆ ವಿಷಯ ಹೊಸದಲ್ಲ. ಕೈಕೊಡುವುದು ಯೂನಿಟ್ಟು. ಕಾಲೇಜಿನಲ್ಲಿ ಮೀಟರು, ಲೀಟರಿನಲ್ಲಿ ಪಳಗಿದ ಕೈಗೆ ಅಲ್ಲಿ ಅಡಿ, ಎಕರೆ, ಇಂಚು, ಗ್ಯಾಲನ್ ಎದುರಾಗುತ್ತವೆ.

ಆದರೆ ಮಲೆನಾಡಿನವರಿಗೆ ಇಲ್ಲೊಂದು ಅನುಕೂಲವಿದೆ. ಮಳೆಗಾಲದಲ್ಲಿ ನಮ್ಮ ಪತ್ರಿಕೆಗಳು ಜಲಾಶಯದ ಮಟ್ಟವನ್ನು ಅಡಿಯಲ್ಲಿ, ಒಳಹರಿವನ್ನು ಕ್ಯುಸೆಕ್‌ನಲ್ಲಿ (ಸೆಕೆಂಡಿಗೆ ಒಂದು ಘನ ಅಡಿ), ಸಂಗ್ರಹವನ್ನು ಟಿಎಂಸಿಯಲ್ಲಿ (ನೂರು ಕೋಟಿ ಘನ ಅಡಿ) ಕೊಡುತ್ತವೆ. ಲಿಂಗನಮಕ್ಕಿ 1819 ಅಡಿ, ಭದ್ರಾ 186 ಅಡಿ ಅನ್ನುವುದು ಇಲ್ಲಿ ಎಲ್ಲರ ಬಾಯಲ್ಲೂ ಇರುವ ಲೆಕ್ಕ. ಪರೀಕ್ಷೆಯ ಪ್ರಶ್ನೆಗಳೂ ಅದೇ ಘನ ಅಡಿಯಲ್ಲಿ ಬರುತ್ತವೆ. ಒಳಹರಿವು 30,000 ಕ್ಯುಸೆಕ್, ಹೊರಹರಿವು 6,000 ಇದ್ದರೆ ಒಂದು ದಿನಕ್ಕೆ ಎಷ್ಟು ತುಂಬುತ್ತೆ? ಉಳಿದ 24,000ವನ್ನು ದಿನದ 86,400 ಸೆಕೆಂಡಿಗೆ ಗುಣಿಸಿದರೆ ಸುಮಾರು 2.07 ಟಿಎಂಸಿ. ಇಂಥ ಲೆಕ್ಕವನ್ನು ದಿನಾ ಬೆಳಿಗ್ಗೆ ಪೇಪರ್ ಇಟ್ಟುಕೊಂಡು ಮಾಡುತ್ತಿದ್ದೆ. ಒಳಹರಿವು, ಹೊರಹರಿವಿನ ವ್ಯತ್ಯಾಸದಿಂದ ಸಂಗ್ರಹದ ಏರಿಳಿತ ಲೆಕ್ಕ ಹಾಕುವ ಸ್ಟೋರೇಜ್ ರೂಟಿಂಗ್‌ನ ಮೂಲ ಇದೇ. ಜೊತೆಗೆ ನಾಲ್ಕು ಅಂಕಿ ಬಾಯಿಪಾಠ ಆಗಿರಲೇಬೇಕು: ಒಂದು ಕ್ಯುಸೆಕ್ ಅಂದರೆ ನಿಮಿಷಕ್ಕೆ 448.8 ಗ್ಯಾಲನ್; ಅದೇ ಒಂದು ಕ್ಯುಸೆಕ್ ದಿನವಿಡೀ ಹರಿದರೆ 1.98 ಎಕರೆ-ಅಡಿ, ದಿನಕ್ಕೆ ಹತ್ತು ಲಕ್ಷ ಗ್ಯಾಲನ್ ಅಂದರೆ 1.547 ಕ್ಯುಸೆಕ್, ಸಂಸ್ಕರಣಾ ಘಟಕದ ಲೆಕ್ಕಕ್ಕೆ 8.34 (ಒಂದು ಗ್ಯಾಲನ್ ನೀರಿನ ತೂಕ, ಪೌಂಡಿನಲ್ಲಿ).

ಕಾಲುವೆಯ ಹರಿವು ಕಂಡುಹಿಡಿಯುವ ಮ್ಯಾನಿಂಗ್ ಸೂತ್ರವನ್ನು ಸ್ವಲ್ಪ ವಿವರವಾಗಿ ನೋಡಿ. ತಳ 6 ಅಡಿ, ಪಕ್ಕದ ಇಳಿಜಾರು 2:1 (ಅಡ್ಡ 2ಕ್ಕೆ ಎತ್ತರ 1), ನೀರಿನ ಆಳ 3 ಅಡಿ ಇರುವ ಕಾಲುವೆ, ಒರಟುತನ 0.025, ಹರಿವಿನ ದಿಕ್ಕಿನಲ್ಲಿ ತಳದ ಇಳಿಜಾರು 0.001. ಅಡ್ಡಕೊಯ್ತದ ವಿಸ್ತೀರ್ಣ 36 ಚದರಡಿ, ಒದ್ದೆ ಸುತ್ತಳತೆ 19.42 ಅಡಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಹೈಡ್ರಾಲಿಕ್ ರೇಡಿಯಸ್ 1.854. ಹರಿವು ಸುಮಾರು 102 ಕ್ಯುಸೆಕ್. ಅಡಿಯಲ್ಲಿ ಲೆಕ್ಕ ಹಾಕುವಾಗ ಬೇಕಾದ 1.486 ಮರೆತರೆ 69 ಬರುತ್ತೆ. ಆ 69 ಉತ್ತರಗಳ ಸಾಲಿನಲ್ಲಿ ಇರುತ್ತೆ ಅಂತಲೇ ತಿಳಿದು ಕೆಲಸ ಮಾಡಬೇಕು. ‘ನನ್ನ ಉತ್ತರ ಪಟ್ಟಿಯಲ್ಲಿದೆ, ಹಾಗಾದರೆ ಸರಿ’ ಅನ್ನುವ ಸಮಾಧಾನ ಅಪಾಯಕಾರಿ. ಪೈಪಿನಲ್ಲಿ ಘರ್ಷಣೆಯಿಂದಾಗುವ ನಷ್ಟದ ಹೇಜನ್-ವಿಲಿಯಮ್ಸ್ ಸೂತ್ರದಲ್ಲೂ ಇದೇ ಗುಂಡಿ: 10.44 ಇರುವ ಸೂತ್ರಕ್ಕೆ ವ್ಯಾಸ ಇಂಚಿನಲ್ಲಿ, ಹರಿವು ನಿಮಿಷದ ಗ್ಯಾಲನ್ನಿನಲ್ಲಿ, 4.73 ಇರುವುದಕ್ಕೆ ಅಡಿ ಮತ್ತು ಕ್ಯುಸೆಕ್. ಮಳೆಯಿಂದ ಬರುವ ಗರಿಷ್ಠ ಹರಿವಿನ ರ‍್ಯಾಷನಲ್ ಸೂತ್ರ ಮಾತ್ರ ಸಲೀಸು. ಎಕರೆ ಮತ್ತು ಗಂಟೆಗೆ ಇಂಚು ಹಾಕಿದರೆ ನೇರ ಕ್ಯುಸೆಕ್ ಸಿಗುತ್ತೆ, ಯೂನಿಟ್ ಬದಲಿಸುವಾಗ ಬರುವ 1.008ನ್ನು ಬಿಟ್ಟುಬಿಡಬಹುದು.

ಬಿದ್ದ ಮಳೆಯಲ್ಲಿ ಎಷ್ಟು ಹರಿದುಹೋಗುತ್ತೆ ಅಂತ ನೆಲಕ್ಕೊಂದು ಸಂಖ್ಯೆ ಕೊಟ್ಟು ಲೆಕ್ಕ ಹಾಕುವ ಕರ್ವ್ ನಂಬರ್ ವಿಧಾನದಲ್ಲಿ ಮಣ್ಣಿನ ಹಿಂದಿನ ಒದ್ದೆಯನ್ನು ಬಹಳ ಜನ ಲಕ್ಷಿಸುವುದಿಲ್ಲ. ಆಗುಂಬೆಯ ಆಷಾಢದ ಮಳೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ನೆಲ ನೀರು ಕುಡಿದು ತಣಿದ ಮೇಲೆ ಬಿದ್ದದ್ದೆಲ್ಲ ಹಳ್ಳಕ್ಕೇ. ಸಂಖ್ಯೆ 75 ಇದ್ದು 6 ಇಂಚು ಮಳೆ ಬಿದ್ದರೆ ಹರಿದುಹೋಗುವುದು 3.28 ಇಂಚು. ನೆಲ ಮೊದಲೇ ನೆನೆದಿದ್ದರೆ ಆ 75 ಕೋಷ್ಟಕದಲ್ಲಿ 88 ಆಗುತ್ತೆ, ಹರಿವು 4.63 ಇಂಚಿಗೆ ಏರುತ್ತೆ. ಪ್ರಶ್ನೆಯಲ್ಲಿ ‘ಹಿಂದಿನ ದಿನಗಳಲ್ಲಿ ಭಾರಿ ಮಳೆ’ ಅಂತ ಒಂದು ಸಾಲಿದ್ದರೆ ಅದು ಅಲಂಕಾರಕ್ಕೆ ಇರುವುದಲ್ಲ.

ಪಂಪಿನ ಎನ್‌ಪಿಎಸ್‌ಎಚ್ (ನೀರು ಆವಿಯಾಗದೆ ಪಂಪಿನೊಳಗೆ ಬರಲು ಅದರ ಬಾಯಲ್ಲಿ ಇರಬೇಕಾದ ಒತ್ತಡ) ಕೂಡ ಹೀಗೇ. ಸಮುದ್ರಮಟ್ಟದಲ್ಲಿ ವಾಯುಭಾರ 33.9 ಅಡಿ ನೀರಿಗೆ ಸಮ. ಶಿವಮೊಗ್ಗದ ಎತ್ತರದಲ್ಲಿ ಸುಮಾರು 31.7. ಹಳ್ಳದಿಂದ ತೋಟಕ್ಕೆ ನೀರೆತ್ತುವವರು ಪಂಪನ್ನು ಆದಷ್ಟು ಕೆಳಗೆ, ನೀರಿನ ಹತ್ತಿರ ಇಡುವುದು ಯಾಕೆ ಅನ್ನುವುದು ಈ ಲೆಕ್ಕ ಮಾಡಿದಾಗ ತಲೆಗೆ ಕೂರುತ್ತದೆ.

ಪುಸ್ತಕ ಒಯ್ಯುವಂತಿಲ್ಲ. ಪರೀಕ್ಷೆ ನಡೆಸುವ ಎನ್‌ಸಿಇಇಎಸ್ ಕೊಡುವ ಹ್ಯಾಂಡ್‌ಬುಕ್ ಪಿಡಿಎಫ್ ಪರದೆ ಮೇಲೆ ಸಿಗುತ್ತೆ. ಖಾತೆ ತೆರೆದರೆ ಮೊದಲೇ ಉಚಿತವಾಗಿ ಇಳಿಸಿಕೊಳ್ಳಬಹುದು. ಅದನ್ನು ಪ್ರಿಂಟ್ ಹಾಕಿಸಬೇಡಿ. ಮೊದಲ ದಿನದಿಂದಲೂ ಪರದೆ ಮೇಲೆ, ಪದ ಹುಡುಕಿಯೇ ಸೂತ್ರ ತೆಗೆಯಿರಿ. ‘ಮ್ಯಾನಿಂಗ್’ ಅಂತ ಹುಡುಕಿದರೆ ಹತ್ತಾರು ಕಡೆ ಸಿಗುತ್ತೆ. ಅದರ ಬದಲು ಆ ಪುಟದಲ್ಲಿ ಮಾತ್ರ ಇರುವ ಒಂದು ಪದ ಯಾವುದು ಅಂತ ಪ್ರತಿ ಸೂತ್ರಕ್ಕೂ ಗುರುತು ಮಾಡಿಕೊಂಡೆ. ಕ್ಯಾಲ್ಕುಲೇಟರ್‌ಗೆ ಚಿಂತೆ ಬೇಡ. ನಮ್ಮಲ್ಲಿ ಎಲ್ಲರ ಹತ್ತಿರ ಇರುವ ಕ್ಯಾಸಿಯೊ ಎಫ್‌ಎಕ್ಸ್-991ಕ್ಕೆ ಅನುಮತಿ ಇದೆ. ಅದರ ‘ಸಾಲ್ವ್’ ಕೀಲಿ ಕಾಲುವೆಯ ಸಹಜ ಆಳ ಹುಡುಕುವಾಗ ಬಹಳ ಸಮಯ ಉಳಿಸುತ್ತದೆ. ಎಫ್‌ಎಕ್ಸ್-82, 100 ನಡೆಯುವುದಿಲ್ಲ.

2024ರ ಏಪ್ರಿಲ್‌ನಿಂದ ಬೇರೆ ಸಿವಿಲ್ ವಿಭಾಗಗಳ ಸಾಮಾನ್ಯ ಪ್ರಶ್ನೆಗಳನ್ನು ಕೈಬಿಟ್ಟಿದ್ದಾರೆ. ಹಳೆಯ ಅಭ್ಯಾಸಪತ್ರಿಕೆ ಸಿಕ್ಕರೆ ಆ ಸಾಮಾನ್ಯ ಪ್ರಶ್ನೆಗಳಿರುವ ಮೊದಲರ್ಧಕ್ಕೆ ಹೆಚ್ಚು ಹೊತ್ತು ಕೊಡಬೇಡಿ. ಈಗ 80 ಪ್ರಶ್ನೆ, 8 ಗಂಟೆ. ಒಂದಕ್ಕೆ 6 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಯಾವುದನ್ನೂ ಖಾಲಿ ಬಿಡುವಂತಿಲ್ಲ. ಪರೀಕ್ಷೆ ಎರಡು ಭಾಗ. ಮೊದಲ ಭಾಗ ಒಪ್ಪಿಸಿ ವಿರಾಮಕ್ಕೆ ಎದ್ದ ಮೇಲೆ ಅದಕ್ಕೆ ಮರಳಲು ಆಗುವುದಿಲ್ಲ. ಎರಡೂ ಭಾಗಕ್ಕೆ ಗಡಿಯಾರ ಒಂದೇ, ಮೊದಲರ್ಧದಲ್ಲಿ ಹೆಚ್ಚು ತೆಗೆದುಕೊಂಡಷ್ಟೂ ಎರಡನೆಯದಕ್ಕೆ ಕಡಿಮೆ. 4 ಗಂಟೆ ಮುಟ್ಟುತ್ತಿದ್ದ ಹಾಗೆ ಉಳಿದದ್ದಕ್ಕೆ ಅಂದಾಜಿನ ಉತ್ತರ ಒತ್ತಿ ಎದ್ದುಬಿಡುವುದನ್ನು ಮನೆಯ ಅಭ್ಯಾಸದಲ್ಲೇ ರೂಢಿಸಿಕೊಳ್ಳಿ.