ಯಾಣದ ಭೈರವೇಶ್ವರ ಶಿಖರ ಕೊನೆಗೂ ಫೋಟೋದಲ್ಲಿ ಪೂರ್ತಿ ಬಂತು

'ಆ ಕರಿಬಂಡೆ ಫೋಟೋದಲ್ಲಿ ಬರೋದೇ ಇಲ್ಲ ಮಾರಾಯ, ಸುಮ್ನೆ ಪೆಟ್ರೋಲ್ ಸುಡಬೇಡ' ಅಂತ ಶಿರಸಿಯ ನಮ್ಮ ಫೋಟೋ ಬಳಗದಲ್ಲಿ ಎಲ್ಲರೂ ಹೇಳಿದವರೇ. ಈಗ ಅದೇ ಫೋಟೋದ ಮೂರಡಿ ಪ್ರಿಂಟ್ ನೋಡಿ, ಹೇಗೆ ತೆಗೆದೆ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ 90 ಮೀಟರ್. ಸುಣ್ಣದ ಕಲ್ಲೇ ಆದರೂ ಬಣ್ಣ ಕಪ್ಪು, ಹಿಂದೆ ಬೆಳ್ಳಗಿನ ಆಕಾಶ. ಆಕಾಶ ಉಳಿಸಿದರೆ ಬಂಡೆ ಮಸಿ, ಬಂಡೆ ಉಳಿಸಿದರೆ ಆಕಾಶ ಖಾಲಿ ಹಾಳೆ.

ಮೊದಲು ಹುಬ್ಬಳ್ಳಿಯಿಂದ ವೈಡ್ ಲೆನ್ಸ್ ಬಾಡಿಗೆಗೆ ತಂದೆ. ಎರಡು ದಿನಕ್ಕೆ ಎರಡೂವರೆ ಸಾವಿರದ ಹತ್ತಿರ ಹೋಯಿತು. ದೇವಸ್ಥಾನದ ಹತ್ತಿರ ನಿಂತು ಕ್ಯಾಮೆರಾ ಮೇಲೆತ್ತಿದರೆ ಶಿಖರದ ತುದಿ ಹಿಂದಕ್ಕೆ ವಾಲಿ ಬೀಳುವ ಹಾಗೆ ಕಾಣುತ್ತಿತ್ತು, ಅಷ್ಟು ಎತ್ತರದ ಬಂಡೆ ಗುಡ್ಡೆಯಷ್ಟೇ ಅನ್ನಿಸುತ್ತಿತ್ತು. ಆಮೇಲೆ ಬೆಳಕು ಹೆಚ್ಚು ಕಡಿಮೆ ಮಾಡಿ ತೆಗೆದ ಮೂರು ಎಕ್ಸ್‌ಪೋಶರ್ ಸೇರಿಸುವ ಎಚ್‌ಡಿಆರ್. ಬಂಡೆ ಚೆನ್ನಾಗೇ ಬಂತು, ಆದರೆ ಗಾಳಿಗೆ ಎಲೆಗಳೆಲ್ಲ ಎರಡೆರಡಾದವು. ಹೊಳಪು ತಗ್ಗಿಸುವ ಪೋಲರೈಸರ್ ಫಿಲ್ಟರ್‌ಗೂ ಮೂರು ಸಾವಿರ ಸುರಿದೆ. ಎಲೆಯ ಹಸಿರು ಎದ್ದು ಬಂತು, ಬಂಡೆ ಮಾತ್ರ ಸತ್ತೇ ಹೋಯಿತು.

ಉತ್ತರ ಸಿಕ್ಕಿದ್ದು ಅಲ್ಲೇ. ಆ ಬಂಡೆಯ ಮೈ ತುಂಬ ಚೂಪು ಅಂಚುಗಳು, ಗರಗಸ ನಿಲ್ಲಿಸಿಟ್ಟ ಹಾಗೆ. ಒಣಗಿದ್ದಾಗ ಅದೊಂದೂ ಕಾಣುವುದಿಲ್ಲ. ಮಳೆ ನಿಂತ ಸ್ವಲ್ಪ ಹೊತ್ತಿಗೆ ಹೋದರೆ ಒಂದೊಂದು ಅಂಚಿಗೂ ಸಣ್ಣ ಬೆಳ್ಳಿಗೆರೆ ಹಿಡಿದಿರುತ್ತದೆ, ಬಂಡೆಗೆ ಆಕಾರ ಕೊಡುವುದೇ ಆ ಗೆರೆ. ಪೋಲರೈಸರ್ ಅದನ್ನೇ ಅಳಿಸುತ್ತಿತ್ತು!

ಹಾಗಾಗಿ ಮಳೆಗಾಲದ ಕೊನೆ, ಮೋಡ ಕವಿದ ಬೆಳಗ್ಗೆ, ಫಿಲ್ಟರ್ ಇಲ್ಲ. ಬುಡ ಬಿಟ್ಟು ಸಾಕಷ್ಟು ಹಿಂದೆ ಬಂದು ಮರಗಳ ಸಂದಿ ಹಿಡಿದೆ. 85 ಎಂಎಂ ಲೆನ್ಸ್ ಹಾಕಿ, ಕ್ಯಾಮೆರಾ ಅಡ್ಡ ಇಟ್ಟು, ಆಮೇಲೆ ಒಂದೇ ಫೋಟೋ ಆಗಿ ಹೊಲಿಯಲು ಕೆಳಗಿಂದ ಮೇಲಕ್ಕೆ ಎಂಟೊಂಬತ್ತು ತುಂಡು. ಫೋಕಸ್, ವೈಟ್ ಬ್ಯಾಲೆನ್ಸ್ ಎಲ್ಲ ಮ್ಯಾನುವಲ್. ಎಕ್ಸ್‌ಪೋಶರ್ ಬಂಡೆಗೇ ಕೊಟ್ಟು, ತುದಿಯ ಎರಡು ತುಂಡು ಮಾತ್ರ ಆಕಾಶಕ್ಕೆ ಬೇರೆ ತೆಗೆದೆ. ಒಂದೊಂದು ತುಂಡೂ ಹಿಂದಿನದರ ಮೇಲೆ ಮೂರನೇ ಒಂದು ಭಾಗ ಕೂರಬೇಕು. ಎಲೆ ಅಲ್ಲಾಡುವುದು ನಿಲ್ಲುವವರೆಗೆ ಶಟರ್ ಮುಟ್ಟಬೇಡಿ, ಅರ್ಧ ಗಂಟೆಯಾದರೂ ಸರಿ. ಆ ಸಂದಿ ಎಲ್ಲಿದೆ ಅಂತ ಮಾತ್ರ ಈಗಲೇ ಹೇಳುವುದಿಲ್ಲ, ತುದಿಯಲ್ಲಿ ಆಕಾಶವನ್ನು ಎಲೆಗೆ ಹೊಲಿದ ಉಪಾಯವನ್ನೂ ಅಷ್ಟೇ.

ಇದರ ನಡುವೆ ಬಂಡೆಯೊಳಗಿನ ಪ್ರದಕ್ಷಿಣೆ ದಾರಿಯಲ್ಲಿ ಮೊಬೈಲ್ ಮಲಗಿಸಿಟ್ಟು, ಟೈಮರ್ ಹಾಕಿ ನೇರ ಮೇಲಕ್ಕೂ ತೆಗೆದೆ. ಎರಡು ಗೋಡೆಗಳ ನಡುವೆ ಆಕಾಶದ ಒಂದು ಸೀಳು, ಅದೂ ಬಹಳ ಚೆನ್ನಾಗಿದೆ. ಶಿವರಾತ್ರಿ ಜಾತ್ರೆಯಲ್ಲಿ ಬುಡದಲ್ಲಿ ಜನ ನಿಂತಿರುವ ಹಾಗೆ ತೆಗೆದರೆ ಎತ್ತರ ತಟ್ಟನೆ ಗೊತ್ತಾಗುತ್ತದೆ. ಆದರೆ ಆಗ ಬಂಡೆ ಒಣಗಿರುತ್ತದಲ್ವಾ, ಬೆಳ್ಳಿಗೆರೆ ಸಿಗುವುದಿಲ್ಲ.

ಮಳೆಯಲ್ಲಿ ಹೋಗುವವರು ಉಂಬಳಕ್ಕೆ (ಜಿಗಣೆಗೆ) ಸಾಕ್ಸ್ ಮೇಲೆ ಉಪ್ಪು, ಹೊಗೆಸೊಪ್ಪಿನ ನೀರು ಹಾಕಿಕೊಳ್ಳಿ. ಬಂಡೆ ಮೇಲೆ ಹೆಜ್ಜೇನು ಕಟ್ಟಿರುತ್ತದೆ, ಆ ಕಡೆ ಡ್ರೋನ್ ಹಾರಿಸಲೇಬೇಡಿ, ಕೆಳಗೆ ಮಕ್ಕಳು ಮುದುಕರು ಓಡಾಡುತ್ತಿರುತ್ತಾರೆ. ಬಾಡಿಗೆ, ಪೆಟ್ರೋಲ್, ಪ್ರಿಂಟ್ ಎಲ್ಲ ಸೇರಿ ಹದಿನೈದು ಸಾವಿರ ದಾಟಿರಬೇಕು. ಮೋಹಿನಿ ಶಿಖರಕ್ಕೂ ಇದೇ ಲೆಕ್ಕ ಹಾಕಿದ್ದೇನೆ, ಆದರೆ ಆ ಕಡೆ ಮರ ಜಾಸ್ತಿ. ಯಾರಿಗಾದರೂ ಒಳ್ಳೆ ಸಂದಿ ಸಿಕ್ಕಿದ್ದರೆ ಹೇಳಿ, ನನ್ನದನ್ನೂ ಹೇಳುತ್ತೇನೆ.