ಹಾವು ಕಡಿತ, ಗಾಜಿನ ಟ್ಯೂಬು, 20 ನಿಮಿಷ: ನನ್ನ ಅನುಭವ

ನಮ್ಮ ಎಮರ್ಜೆನ್ಸಿಗೆ ಬರುವ ಹಾವು ಕಡಿತದ ಕೇಸುಗಳಲ್ಲಿ 20 ನಿಮಿಷದ ಟ್ಯೂಬ್ ಟೆಸ್ಟನ್ನು (ರೋಗಿಯ ರಕ್ತವನ್ನು ಗಾಜಿನ ಟ್ಯೂಬಿನಲ್ಲಿ 20 ನಿಮಿಷ ಅಲ್ಲಾಡಿಸದೆ ಇಟ್ಟು, ಓರೆ ಮಾಡಿ ಹೆಪ್ಪುಗಟ್ಟಿದೆಯಾ ನೋಡುವುದು) ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತಿದೆ ಅಂತ ಹೇಳುವ ಲ್ಯಾಬ್ ಟೆಸ್ಟ್) ಜೊತೆ ಹೋಲಿಸಿ ನೋಡುತ್ತೇನೆ ಅಂದಾಗ ಸೀನಿಯರ್‌ಗಳು ಬೇಡ ಅಂದರು. ಹಳೇ ಕಾಲದ ಟೆಸ್ಟು, ನಂಬೋಕಾಗಲ್ಲ ಅನ್ನೋದು ಅವರ ವಾದ. ಆದರೆ ನಡುರಾತ್ರಿ ಐಎನ್‌ಆರ್ ರಿಪೋರ್ಟ್ ಕೈಗೆ ಸಿಗಲು ಒಂದೂವರೆ ಗಂಟೆ ಹಿಡಿಯುತ್ತಿತ್ತು. ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ, ಅದು ಕಡಿದವರನ್ನು ಅಷ್ಟು ಹೊತ್ತು ಕಾಯಿಸೋಕಾಗುತ್ತಾ?

ಎಥಿಕ್ಸ್ ಕಮಿಟಿ ಒಪ್ಪಿದ ಮೇಲೆ ಮೊದಲ ಎರಡು ಮೂರು ತಿಂಗಳ ಡೇಟಾ ಪೂರ್ತಿ ದಂಡವಾಯಿತು. ಐಎನ್‌ಆರ್ ನಾರ್ಮಲ್ ಇದ್ದವರ ರಕ್ತವೂ ಟ್ಯೂಬಿನಲ್ಲಿ ನೀರಿನಂತೆ ಹರಿಯುತ್ತಿತ್ತು. ಕಾರಣ ಹುಡುಕಿದರೆ, ಟ್ಯೂಬುಗಳು ಸೋಪಿನ ನೀರಿನಲ್ಲಿ ತೊಳೆದು ವಾಪಸ್ ಬರುತ್ತಿದ್ದವು. ಗಾಜಿಗೆ ಸೋಪು ಅಂಟಿದ್ದರೆ ರಕ್ತ ಸರಿಯಾಗಿ ಹೆಪ್ಪುಗಟ್ಟಲ್ಲ. ಆ ರಿಸಲ್ಟ್ ನಂಬಿದ್ದರೆ ಒಬ್ಬೊಬ್ಬರಿಗೂ 10 ವಯಲ್ ಎಎಸ್‌ವಿ (ಹಾವಿನ ವಿಷಕ್ಕೆ ಕೊಡುವ ಪ್ರತಿವಿಷ) ಸುಮ್ನೆ ಹೋಗುತ್ತಿತ್ತು, ರಿಯಾಕ್ಷನ್ ಭಯ ಬೇರೆ. ಹೊರಗೆ ಒಂದು ವಯಲ್‌ಗೆ 500-600 ರೂಪಾಯಿ. ಹೊಸ ಗಾಜಿನ ಟ್ಯೂಬಿಗೆ 6-7 ರೂಪಾಯಿ ಅಷ್ಟೆ. ಗ್ರಾಂಟ್ ಸಿಗಲಿಲ್ಲ. ನಾವು ನಾಲ್ಕೈದು ಜನ ಸೇರಿ ಟ್ಯೂಬು ಕೊಂಡೆವು, ಒಟ್ಟು 7-8 ಸಾವಿರ ಆಗಿರಬಹುದು. ಒಮ್ಮೆ ಬಳಸಿದ್ದನ್ನು ಮತ್ತೆ ತೊಳೆಯಲಿಲ್ಲ.

ಇನ್ನೊಂದು ತೊಂದರೆ ಅಂದರೆ ಟೈಮು. ಕೆಲವರು 10 ನಿಮಿಷಕ್ಕೇ ಅಲ್ಲಾಡಿಸಿ ನೋಡುತ್ತಿದ್ದರು, ಕೆಲವರು ಗಂಟೆಗಟ್ಟಲೆ ಮರೆಯುತ್ತಿದ್ದರು. ನೈಟ್ ಡ್ಯೂಟಿಯಲ್ಲೂ ಸರಿಯಾಗಿ 20 ನಿಮಿಷಕ್ಕೇ ಓರೆ ಮಾಡಿ ನೋಡುವಂತೆ ಒಂದು ಉಪಾಯ ಮಾಡಿದೆ. ಪೇಪರ್ ಅಚ್ಚಾಗುವವರೆಗೆ ಅದು ನನ್ನ ಹತ್ತಿರವೇ ಇರಲಿ! ಪ್ರತಿ ಶಿಫ್ಟಿನಲ್ಲಿ ಒಬ್ಬ ಸ್ಟಾಫಿನ 2 ಎಂಎಲ್ ರಕ್ತವನ್ನು ಪಕ್ಕದಲ್ಲೇ ಇಡುತ್ತಿದ್ದೆವು. ಅದು ಹೆಪ್ಪುಗಟ್ಟದಿದ್ದರೆ ಆ ಟ್ಯೂಬುಗಳ ಪೆಟ್ಟಿಗೆಯೇ ಔಟ್.

ನಡುವೆ ಕುತೂಹಲಕ್ಕೆ ಪ್ಲಾಸ್ಟಿಕ್ ಟ್ಯೂಬಿನಲ್ಲೂ ನಮ್ಮದೇ ರಕ್ತ ಹಾಕಿ ನೋಡಿದೆವು. 20 ನಿಮಿಷವಾದರೂ ಬಹಳಷ್ಟು ತೆಳ್ಳಗೇ ಇತ್ತು. ಪ್ಲಾಸ್ಟಿಕ್ ಬೇಡವೇ ಬೇಡ.

ಕೊನೆಗೆ ಲೆಕ್ಕ ಹಾಕಿದಾಗ, ಹತ್ತು ಜನರಲ್ಲಿ ಎಂಟಕ್ಕೂ ಜಾಸ್ತಿ ಜನರಲ್ಲಿ ಟ್ಯೂಬು ಮತ್ತು ಐಎನ್‌ಆರ್ ಒಂದೇ ಮಾತು ಹೇಳಿದವು. ಬೇಡ ಅಂದಿದ್ದ ಸೀನಿಯರ್‌ಗಳೇ ಈಗ ರೌಂಡ್ಸ್‌ನಲ್ಲಿ 'ಟ್ಯೂಬ್ ಏನಾಯ್ತು?' ಅಂತ ಕೇಳುತ್ತಾರೆ. ತಪ್ಪಿಹೋದವು ಹೆಚ್ಚಾಗಿ ಐಎನ್‌ಆರ್ ಸ್ವಲ್ಪವೇ ಏರಿದ್ದ ಕೇಸುಗಳು. ಅದಕ್ಕೇ ಮೊದಲ ಟೆಸ್ಟ್ ಚೆನ್ನಾಗಿದೆ ಅಂತ ಯಾರನ್ನೂ ಮನೆಗೆ ಕಳಿಸಬೇಡಿ, 24 ಗಂಟೆ ಇಟ್ಟುಕೊಳ್ಳಿ. ಕಟ್ಟುಹಾವು, ನಾಗರಹಾವು ಕಡಿದಿದ್ದರೆ ಟ್ಯೂಬು ಏನೂ ಹೇಳಲ್ಲ, ಅವುಗಳ ವಿಷ ಹೆಚ್ಚಾಗಿ ನರಗಳಿಗೆ ತಾಗುತ್ತದೆ, ರೆಪ್ಪೆ ಜೋಲುತ್ತಿದೆಯಾ ನೋಡಬೇಕು. ಎಎಸ್‌ವಿ ಕೊಟ್ಟ ಮೇಲೆ ಮರುಪರೀಕ್ಷೆ 6 ಗಂಟೆ ಬಿಟ್ಟು. ರಕ್ತ ಸರಿಹೋಗಲು ಅಷ್ಟು ಹೊತ್ತು ಬೇಕು, ಅವಸರ ಮಾಡಿದರೆ ವಯಲ್ ದಂಡ.

2024ರಲ್ಲಿ ನಮ್ಮ ರಾಜ್ಯದಲ್ಲಿ ಹಾವು ಕಡಿತವನ್ನು ವರದಿ ಮಾಡಲೇಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿದರು. ಈಗ ಸುತ್ತಲಿನ ಪಿಎಚ್‌ಸಿಗಳಿಗೂ ಟ್ಯೂಬಿನ ಪೆಟ್ಟಿಗೆ ಕೊಟ್ಟಿದ್ದೇವೆ. ರೆಫರ್ ಚೀಟಿಯಲ್ಲಿ ರಕ್ತ ತೆಗೆದ ಸಮಯ, ಓರೆ ಮಾಡಿದ ಸಮಯ ಎರಡನ್ನೂ ಬರೆದು ಕಳಿಸುತ್ತಿದ್ದಾರೆ.