ಹೊರಗಿನ ಎಸ್‌ಎಸ್‌ಡಿಯಿಂದ ಡೆಬಿಯನ್: ನನ್ನ ಅನುಭವ

ಕನ್ನಡ ಪುಸ್ತಕಗಳ ಕರಡು ತಿದ್ದುವುದು ಮತ್ತು ಪುಟವಿನ್ಯಾಸ ಮಾಡುವುದು ನನ್ನ ಕಸುಬು. ಈ ಕೆಲಸವನ್ನು ಒಂದೇ ಕಂಪ್ಯೂಟರಿನ ಮುಂದೆ ಕುಳಿತು ಮುಗಿಸುವ ಅನುಕೂಲ ನನಗಿಲ್ಲ. ಮನೆಯ ಲ್ಯಾಪ್‌ಟಾಪ್, ಮುದ್ರಣಾಲಯದ ಡೆಸ್ಕ್‌ಟಾಪ್, ಕೆಲವೊಮ್ಮೆ ಲೇಖಕರ ಮನೆಯ ಹಳೆಯ ಯಂತ್ರ, ಹೀಗೆ ಎಲ್ಲಿ ಕೂರಬೇಕಾಗುತ್ತದೆಯೋ ಅಲ್ಲಿಯೇ ಕೆಲಸ ಸಾಗಬೇಕು. ಒಂದು ಕಡೆ ಕೆಜಿಪಿ ಕೀಲಿಮಣೆ ಇದ್ದರೆ ಇನ್ನೊಂದು ಕಡೆ ಇನ್‌ಸ್ಕ್ರಿಪ್ಟ್, ಒಂದರಲ್ಲಿರುವ ಫಾಂಟು ಮತ್ತೊಂದರಲ್ಲಿಲ್ಲ, ಲಿಬ್ರೆಆಫೀಸಿನ ಆವೃತ್ತಿಯಂತೂ ಮೂರು ಕಡೆ ಮೂರು ಬಗೆ. ಹೀಗಾಗಿ ಮನೆಯಲ್ಲಿ ಅಚ್ಚುಕಟ್ಟಾಗಿ ಮುಗಿದಿದ್ದ ಪುಟವು ಮುದ್ರಣಾಲಯದಲ್ಲಿ ತೆರೆದಾಗ ಎರಡು ಸಾಲು ಮುಂದಕ್ಕೆ ಜಾರಿರುತ್ತಿತ್ತು. ಕಡತಗಳನ್ನಷ್ಟೇ ಒಯ್ಯುವ ಬದಲು ಆಪರೇಟಿಂಗ್ ಸಿಸ್ಟಮ್ಮನ್ನೇ ಜೊತೆಗೆ ಒಯ್ಯುವುದು ಲೇಸೆಂದು ತೀರ್ಮಾನಿಸಿ, ಯುಎಸ್‌ಬಿಗೆ ಚುಚ್ಚುವ ಹೊರಗಿನ ಎಸ್‌ಎಸ್‌ಡಿಯೊಂದರಲ್ಲಿ ಲಿನಕ್ಸ್‌ನ ಒಂದು ಬಗೆಯಾದ ಡೆಬಿಯನ್ 12 ಹಾಕಿಕೊಂಡೆ.

ವಿಷಯ ತಿಳಿಸಿದಾಗ ಮುದ್ರಣಾಲಯದ ಯಜಮಾನರು ಕೇಳಿದ್ದು ಒಂದೇ ಮಾತು: "ನಮ್ಮ ಸಿಸ್ಟಮ್‌ಗೆ ಏನೂ ಆಗಲ್ಲ ತಾನೇ ಸರ್?" ಆಗುವುದಿಲ್ಲ ಎಂದು ಧೈರ್ಯವಾಗಿ ಹೇಳಬೇಕಾದರೆ ಎಷ್ಟು ಸಿದ್ಧತೆ ಬೇಕು ಎಂಬುದೇ ಈ ಬರಹದ ವಿಷಯ. ಡೆಬಿಯನ್ ಹಾಕುವುದು ಅರ್ಧ ಗಂಟೆಯ ಕೆಲಸ. ಅದು ತಾನು ಕೂತ ಯಂತ್ರದ ಮೇಲೆ ಗುರುತು ಬಿಡದಂತೆಯೂ, ಆ ಯಂತ್ರದ ಗುಣವನ್ನು ತನಗೆ ಅಂಟಿಸಿಕೊಳ್ಳದಂತೆಯೂ ನೋಡಿಕೊಳ್ಳುವುದರಲ್ಲಿಯೇ ನನ್ನ ಶ್ರಮವೆಲ್ಲ ಹೋಯಿತು.

ಬೇರೆ ದಾರಿಗಳು ಇರಲಿಲ್ಲವೆಂದಲ್ಲ. 2012ರಲ್ಲಿ ವಿಂಡೋಸ್ 8ರ ಎಂಟರ್‌ಪ್ರೈಸ್ ಆವೃತ್ತಿಯೊಡನೆ ಬಂದ ‘ವಿಂಡೋಸ್ ಟು ಗೋ’ ಇದೇ ಉದ್ದೇಶದ್ದಾಗಿತ್ತು; ಆದರೆ 2020ರಲ್ಲಿ ಬಂದ ವಿಂಡೋಸ್ 10ರ 2004 ಆವೃತ್ತಿಯಿಂದ ಮೈಕ್ರೋಸಾಫ್ಟ್ ಅದನ್ನು ಕೈಬಿಟ್ಟಿತು. ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವಿನಿಂದಲೇ ನಡೆಯುವ ಲೈವ್ ಯುಎಸ್‌ಬಿ ಮಾಡಿಕೊಂಡು, ಬದಲಾವಣೆಗಳು ಉಳಿಯುವಂತೆ ಪರ್ಸಿಸ್ಟೆನ್ಸ್ ವಿಭಾಗ ಸೇರಿಸುವ ಕ್ರಮವೂ ಉಂಟು. ಅದರಲ್ಲಿ ಮೂಲ ವ್ಯವಸ್ಥೆಯು ಬದಲಿಸಲಾಗದ, ಸಂಕುಚಿತ ಕಡತವಾಗಿರುತ್ತದೆ. ನಾವು ಮಾಡುವ ಪ್ರತಿ ಅಪ್‌ಡೇಟ್ ಅದರ ಮೇಲಿನ ಪದರದಲ್ಲಿ ಪೇರಿಸಿಕೊಳ್ಳುತ್ತ ಹೋಗುವುದರಿಂದ ಜಾಗವೂ ವ್ಯರ್ಥ, ಸಿಸ್ಟಮ್ಮಿನ ತಿರುಳಾದ ಕರ್ನಲ್ ಬದಲಿಸುವುದೂ ತೊಡಕು. ಕೆಟ್ಟುಹೋದ ಕಂಪ್ಯೂಟರಿನಿಂದ ಕಡತ ಹೊರತೆಗೆಯಲು ಲೈವ್ ಯುಎಸ್‌ಬಿಗಿಂತ ಉತ್ತಮವಾದುದಿಲ್ಲ, ಆದರೆ ದಿನವಹಿ ದುಡಿಮೆಗೆ ಪೂರ್ಣ ಇನ್‌ಸ್ಟಾಲೇಶನ್ನೇ ಸರಿ ಎಂಬುದು ನನ್ನ ಅಭಿಪ್ರಾಯ.

ಪೆನ್‌ಡ್ರೈವ್ ಬಳಸಲಿಲ್ಲ. ದೊಡ್ಡ ಕಡತವೊಂದನ್ನು ನಕಲಿಸುವಾಗ ಪೆನ್‌ಡ್ರೈವಿನ ವೇಗ ಪರವಾಗಿಲ್ಲ ಎನಿಸಬಹುದು. ಆಪರೇಟಿಂಗ್ ಸಿಸ್ಟಮ್ ಮಾಡುವುದಾದರೋ ಸಾವಿರಾರು ಚಿಕ್ಕಚಿಕ್ಕ ಬರವಣಿಗೆಗಳನ್ನು, ಅದೂ ಡಿಸ್ಕಿನ ಬೇರೆ ಬೇರೆ ಮೂಲೆಗಳಲ್ಲಿ. ಪ್ಯಾಕೇಜುಗಳನ್ನು ಅಪ್‌ಡೇಟ್ ಮಾಡಲು ಹೊರಟರೆ ಪೆನ್‌ಡ್ರೈವ್ ಅಲ್ಲಿಯೇ ಕುಸಿದು ಕೂರುತ್ತದೆ. ಹಾಗಾಗಿ 2.5 ಇಂಚಿನ ಸಾಟಾ ಎಸ್‌ಎಸ್‌ಡಿಯನ್ನು ಯುಎಸ್‌ಬಿ 3.0 ಕೇಸಿನಲ್ಲಿ ಕೂರಿಸಿದೆ.

ಇನ್‌ಸ್ಟಾಲ್ ಮಾಡುವ ಮೊದಲು ಲ್ಯಾಪ್‌ಟಾಪ್‌ನ ಹಿಂಬದಿಯ ಮುಚ್ಚಳ ತೆಗೆದು, ಒಂದೇ ಒಂದು ಸ್ಕ್ರೂ ಹಿಡಿದಿದ್ದ ಒಳಗಿನ ಎನ್‌ವಿಎಂಇ ಡಿಸ್ಕನ್ನು ಹೊರಗಿಟ್ಟೆ. ಇದು ಅತಿಯಾದ ಎಚ್ಚರಿಕೆ ಎನಿಸಬಹುದು, ಆದರೆ ಕಾರಣವಿದೆ. ಯುಇಎಫ್‌ಐ (ಯಂತ್ರ ಹಚ್ಚಿದೊಡನೆ ನಡೆಯುವ ಮದರ್‌ಬೋರ್ಡಿನ ತಂತ್ರಾಂಶ) ಇರುವ ಯಂತ್ರಗಳಲ್ಲಿ ಆಪರೇಟಿಂಗ್ ಸಿಸ್ಟಮ್ಮನ್ನು ಏಳಿಸುವ ಬೂಟ್ ಲೋಡರ್ ಇರುವುದು ಡಿಸ್ಕಿನ ಇಎಫ್‌ಐ ವಿಭಾಗದಲ್ಲಿ. ಒಳಗಿನ ಡಿಸ್ಕಿನಲ್ಲಿ ಅಂಥ ವಿಭಾಗ ಕಂಡರೆ ಇನ್‌ಸ್ಟಾಲರ್ ಅದನ್ನೇ ಬಳಸಿಕೊಂಡುಬಿಡುವ ಸಾಧ್ಯತೆ ಇದೆ. ಆಗ ಸಿಸ್ಟಮ್ ಹೊರಗಿನ ಡ್ರೈವ್‌ನಲ್ಲಿ, ಅದನ್ನು ಏಳಿಸುವ ಗ್ರಬ್ ಎಂಬ ಬೂಟ್ ಲೋಡರ್ ಲ್ಯಾಪ್‌ಟಾಪ್‌ನಲ್ಲಿ ಎಂದಾಗಿ, ಡ್ರೈವನ್ನು ಬೇರೆ ಯಂತ್ರಕ್ಕೆ ಚುಚ್ಚಿದರೆ ಅದು ಮೇಲೇಳುವುದೇ ಇಲ್ಲ.

ಇಷ್ಟಕ್ಕೇ ಮುಗಿಯುವುದಿಲ್ಲ. ಸಾಮಾನ್ಯವಾಗಿ ಗ್ರಬ್ ತನ್ನನ್ನು ‘ಡೆಬಿಯನ್’ ಎಂಬ ಫೋಲ್ಡರಿನಲ್ಲಿ ಇಟ್ಟುಕೊಂಡು, ಆ ವಿಳಾಸವನ್ನು, ವಿದ್ಯುತ್ ಹೋದರೂ ಅಳಿಯದ ಮೆಮೊರಿಯಾದ ಮದರ್‌ಬೋರ್ಡಿನ ಎನ್‌ವಿರ‍್ಯಾಮ್‌ನಲ್ಲಿ ಬರೆದಿಡುತ್ತದೆ. ಊರೂರು ತಿರುಗುವ ಡ್ರೈವ್‌ಗೆ ಈ ಏರ್ಪಾಡು ಎರಡು ರೀತಿಯಲ್ಲಿ ಒಗ್ಗುವುದಿಲ್ಲ: ಹೊಸ ಯಂತ್ರಕ್ಕೆ ಆ ವಿಳಾಸ ಗೊತ್ತಿರುವುದಿಲ್ಲ, ಮತ್ತು ಬರೆದದ್ದು ಬೇರೆಯವರ ಮದರ್‌ಬೋರ್ಡಿನಲ್ಲಿ ಉಳಿದುಬಿಡುತ್ತದೆ. ತೆಗೆದು ಹಾಕಬಹುದಾದ ಡ್ರೈವ್‌ಗಳಿಗೆಂದೇ ಯುಇಎಫ್‌ಐ ಒಂದು ಗೊತ್ತಾದ ಜಾಗವನ್ನು ನೋಡುತ್ತದೆ. ಇಎಫ್‌ಐ ವಿಭಾಗದ ‘ಬೂಟ್’ ಫೋಲ್ಡರಿನಲ್ಲಿ ‘ಬೂಟ್‌ಎಕ್ಸ್64’ ಎಂಬ ಕಡತವಿದ್ದರೆ ಯಾವ ವಿಳಾಸದ ಹಂಗೂ ಇಲ್ಲದೆ ಅದನ್ನು ಚಲಾಯಿಸುತ್ತದೆ. ಡೆಬಿಯನ್‌ನಲ್ಲಿ ಗ್ರಬ್ ಪ್ಯಾಕೇಜನ್ನು ಮರುಸಂರಚಿಸಿದಾಗ ಈ ಎರಡೂ ಸಂಗತಿಗಳನ್ನು ಪ್ರಶ್ನೆಯಾಗಿಯೇ ಕೇಳುತ್ತದೆ: ರಿಮೂವಬಲ್ ಮೀಡಿಯಾದ ಜಾಗದಲ್ಲಿಯೂ ಒಂದು ಪ್ರತಿ ಇಡಬೇಕೆ, ಎನ್‌ವಿರ‍್ಯಾಮ್ ತಿದ್ದಬೇಕೆ. ಮೊದಲನೆಯದಕ್ಕೆ ಹೌದು, ಎರಡನೆಯದಕ್ಕೆ ಬೇಡ ಎಂದು ಉತ್ತರಿಸಿದೆ. ಆಜ್ಞೆಯ ಮೂಲಕ ಒಮ್ಮೆ ಮಾಡಿ ಮುಗಿಸುವುದಕ್ಕಿಂತ ಇದು ಉತ್ತಮ; ಏಕೆಂದರೆ ಗ್ರಬ್ ಅಪ್‌ಡೇಟ್ ಆದಾಗಲೆಲ್ಲ ತನ್ನನ್ನು ಮತ್ತೆ ಸ್ಥಾಪಿಸಿಕೊಳ್ಳುತ್ತದೆ, ಮತ್ತು ಆ ಅಪ್‌ಡೇಟ್ ನಡೆಯುವುದು ಮುದ್ರಣಾಲಯದ ಯಂತ್ರದಲ್ಲಿಯೂ ಆಗಿರಬಹುದು.

ನಂಬಿಕಸ್ಥ ಸಹಿಯಿಲ್ಲದ ಬೂಟ್ ಲೋಡರ್‌ಗಳನ್ನು ತಡೆಯುವ ಸೆಕ್ಯೂರ್ ಬೂಟ್ ಅನ್ನು ನಾನು ಎಲ್ಲಿಯೂ ಆಫ್ ಮಾಡುವುದಿಲ್ಲ. ಡೆಬಿಯನ್ 10ರಿಂದ, ಅಂದರೆ 2019ರಿಂದ, ಮೈಕ್ರೋಸಾಫ್ಟ್ ಸಹಿಯಿರುವ ಶಿಮ್ ಎಂಬ ಪುಟ್ಟ ಲೋಡರ್ ಮೂಲಕ ಅದು ಸೆಕ್ಯೂರ್ ಬೂಟ್ ಇದ್ದಂತೆಯೇ ಏಳುತ್ತದೆ. ಆಫ್ ಮಾಡಿದರೆ ಆಗುವ ತೊಂದರೆಯೇ ಹೆಚ್ಚು: ಡಿಸ್ಕಿಗೆ ಗೂಢಲಿಪಿಯ ಬೀಗ ಹಾಕುವ ಬಿಟ್‌ಲಾಕರ್ ಇರುವ ಯಂತ್ರದಲ್ಲಿ ಆ ಸೆಟಿಂಗ್ ಮುಟ್ಟಿದರೆ ವಿಂಡೋಸ್ ಮುಂದಿನ ಸಲ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ, ಆ ಕೀ ಎಲ್ಲಿದೆಯೆಂದು ಯಂತ್ರದ ಒಡೆಯರಿಗೆ ತಿಳಿದಿರುವುದು ಅಪರೂಪ.

ಯುಇಎಫ್‌ಐಗಿಂತ ಹಿಂದಿನ ಬಯಾಸ್ ಇರುವ ಹಳೆಯ ಯಂತ್ರಗಳಿಗಾಗಿ ಡಿಸ್ಕಿನ ಆರಂಭದಲ್ಲಿ 1 ಎಂಬಿಯ ಬಯಾಸ್ ಬೂಟ್ ವಿಭಾಗವನ್ನೂ ಬಿಟ್ಟು, ಗ್ರಬ್‌ನ ಬಯಾಸ್ ರೂಪವನ್ನು ಅಲ್ಲಿ ಸೇರಿಸಿದ್ದೇನೆ. ಇನಿಟ್‌ರ‍್ಯಾಮ್‌ಎಫ್‌ಎಸ್ (ಸಿಸ್ಟಮ್ ಏಳುವ ಆರಂಭದಲ್ಲಿ ಮೆಮೊರಿಗೆ ಬರುವ ಪುಟ್ಟ ಕಡತವ್ಯವಸ್ಥೆ) ಬಗ್ಗೆ ಇನ್‌ಸ್ಟಾಲರ್ ಕೇಳಿದಾಗ, ಈ ಯಂತ್ರಕ್ಕೆ ಬೇಕಾದ ಡ್ರೈವರ್‌ಗಳು ಮಾತ್ರ ಸಾಕೆನ್ನದೆ ಎಲ್ಲವೂ ಇರಲಿ ಎಂದಿದ್ದೇನೆ. ಇಂಟೆಲ್ ಮತ್ತು ಎಎಂಡಿ ಎರಡರ ಮೈಕ್ರೋಕೋಡ್ (ಪ್ರೊಸೆಸರಿನ ಒಳತಿದ್ದುಪಡಿ) ಪ್ಯಾಕೇಜುಗಳೂ ಇವೆ. ಎನ್‌ವಿಡಿಯಾದ ಸ್ವಂತ ಡ್ರೈವರ್ ಮಾತ್ರ ಇಲ್ಲ, ಪುಟವಿನ್ಯಾಸಕ್ಕೆ ಅದರ ಅಗತ್ಯವೂ ಇಲ್ಲ. ವೈಫೈ ಫರ್ಮ್‌ವೇರ್ ಡೆಬಿಯನ್ 12ರ ಅಧಿಕೃತ ಇನ್‌ಸ್ಟಾಲರಿನಲ್ಲಿಯೇ ಬರುತ್ತದೆ. ಮೆಮೊರಿ ಸಾಲದಾದಾಗ ಡಿಸ್ಕನ್ನು ಬಳಸುವ ಸ್ವಾಪ್ ವಿಭಾಗದ ಬದಲು, ಮೆಮೊರಿಯಲ್ಲಿಯೇ ಸಂಕುಚಿತಗೊಳಿಸಿ ಇಡುವ ಜೆಡ್‌ರ‍್ಯಾಮ್ ಇದೆ. ಬೇರೆ ಆಪರೇಟಿಂಗ್ ಸಿಸ್ಟಮ್‌ಗಳನ್ನು ಹುಡುಕುವ ಓಎಸ್-ಪ್ರೋಬರ್ ಅನ್ನು ಆಫ್ ಇಟ್ಟಿದ್ದೇನೆ, ಆನ್ ಇದ್ದರೆ ಗ್ರಬ್ ಮೆನುವಿನಲ್ಲಿ ಊರವರ ವಿಂಡೋಸ್‌ಗಳೆಲ್ಲ ಸಾಲುಗಟ್ಟಿ ನಿಲ್ಲುತ್ತವೆ.

ಗಡಿಯಾರದ ವಿಷಯ ಸ್ವಲ್ಪ ವಿವರವಾಗಿಯೇ ಹೇಳಬೇಕು. ಮದರ್‌ಬೋರ್ಡಿನ ಗಡಿಯಾರ ಸ್ಥಳೀಯ ಸಮಯದಲ್ಲಿದೆಯೆಂದು ವಿಂಡೋಸ್ ಭಾವಿಸುತ್ತದೆ, ಜಾಗತಿಕ ಸಮಯವಾದ ಯುಟಿಸಿಯಲ್ಲಿದೆಯೆಂದು ಲಿನಕ್ಸ್ ಭಾವಿಸುತ್ತದೆ. ಇಂಟರ್ನೆಟ್ಟಿನಿಂದ ಸಮಯ ಸರಿಪಡಿಸಿಕೊಂಡ ಲಿನಕ್ಸ್ ಅದನ್ನು ಯುಟಿಸಿಯಾಗಿ ಮದರ್‌ಬೋರ್ಡಿಗೆ ಬರೆದರೆ, ಸಂಜೆ 4 ಗಂಟೆಗೆ ವಿಂಡೋಸ್ ಏಳಿಸಿದವರಿಗೆ ಬೆಳಗಿನ 10.30 ಕಾಣುತ್ತದೆ, ಬಿಲ್ಲುಗಳ ಮೇಲೂ ಅದೇ ಹೊತ್ತು ಬೀಳುತ್ತದೆ. ‘ಟೈಮ್‌ಡೇಟ್‌ಸಿಟಿಎಲ್’ ಆಜ್ಞೆಯಿಂದ ಸ್ಥಳೀಯ ಸಮಯದ ಕ್ರಮಕ್ಕೆ ಬದಲಿಸಿದಾಗ, ಡೆಬಿಯನ್‌ನ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿ ಒಂದು ಎಚ್ಚರಿಕೆ ತೋರಿಸುತ್ತದೆ: ಈ ಕ್ರಮ ಶಿಫಾರಸು ಮಾಡುವಂಥದಲ್ಲ, ಬೇಸಿಗೆಯ ಸಮಯ ಬದಲಾವಣೆಯಲ್ಲಿ ತೊಡಕಾಗುತ್ತದೆ, ಮದರ್‌ಬೋರ್ಡಿನ ಗಡಿಯಾರವನ್ನು ತಾನು ಎಂದೂ ತಿದ್ದುವುದಿಲ್ಲ ಎಂದು. ಭಾರತದಲ್ಲಿ ಬೇಸಿಗೆಗೆಂದು ಗಡಿಯಾರ ಬದಲಿಸುವ ಪದ್ಧತಿಯೇ ಇಲ್ಲ. ಇನ್ನು ಗಡಿಯಾರ ಮುಟ್ಟದಿರುವುದಂತೂ ಅತಿಥಿಯಾಗಿ ಹೋದ ಸಿಸ್ಟಮ್‌ನಿಂದ ನಾನು ಬಯಸುವ ನಡತೆಯೇ ಆಗಿದೆ. ಎಚ್ಚರಿಕೆಯಾಗಿ ಹೇಳಿದ್ದು ನನಗೆ ವರವಾಯಿತು.

ಜೇಬಿನಲ್ಲಿ ತಿರುಗುವ ಡ್ರೈವ್ ಕಳೆದುಹೋಗಬಹುದಾದ್ದರಿಂದ, ಅಪ್ರಕಟಿತ ಹಸ್ತಪ್ರತಿಗಳಿರುವ ಮೂಲ ವಿಭಾಗವನ್ನು ಲಕ್ಸ್ ಗೂಢಲಿಪೀಕರಣದಲ್ಲಿ ಇಟ್ಟಿದ್ದೇನೆ. ಬೂಟ್ ವಿಭಾಗ ಮಾತ್ರ ಹೊರಗಿದೆ. ಇಲ್ಲೊಂದು ಸೂಕ್ಷ್ಮವಿದೆ. ಲಕ್ಸ್2ರಲ್ಲಿ ಪಾಸ್‌ವರ್ಡನ್ನು ಕೀಲಿಯಾಗಿಸುವ ಆರ್ಗಾನ್2ಐಡಿ ಎಂಬ ವಿಧಾನ ಬೇಕೆಂತಲೇ ಹೆಚ್ಚು ಮೆಮೊರಿ ಬೇಡುತ್ತದೆ, ಎಷ್ಟೆಂಬುದನ್ನು ಡಿಸ್ಕ್ ಸಿದ್ಧಪಡಿಸಿದ ಯಂತ್ರದ ಶಕ್ತಿ ನೋಡಿ ನಿರ್ಧರಿಸುತ್ತದೆ. 16 ಜಿಬಿ ರ‍್ಯಾಮ್ ಇರುವ ನನ್ನ ಲ್ಯಾಪ್‌ಟಾಪ್‌ನಲ್ಲಿ ಅದು 1 ಜಿಬಿಯವರೆಗೆ ತೆಗೆದುಕೊಂಡಿತ್ತು. 2 ಜಿಬಿಯ ಹಳೆಯ ಕಂಪ್ಯೂಟರಿನಲ್ಲಿ ಅದೇ ಬೀಗ ತೆರೆಯಲು ಒದ್ದಾಡಬೇಕಾಗುತ್ತದೆ. ‘ಕ್ರಿಪ್ಟ್‌ಸೆಟಪ್’ ಮೂಲಕ ಆ ಮಿತಿಯನ್ನು 256 ಎಂಬಿಗೆ ಇಳಿಸಿದೆ. ಭದ್ರತೆ ತುಸು ತಗ್ಗಿತು ನಿಜ, ಅದಕ್ಕೆ ಪಾಸ್‌ವರ್ಡನ್ನು ಉದ್ದ ಮಾಡಿಕೊಂಡಿದ್ದೇನೆ.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಕೇಸು ಮತ್ತು ಕೇಬಲ್ಲು. ಸಿಸ್ಟಮ್ ನಡೆಯುತ್ತಿರುವಾಗ ಡ್ರೈವ್ ಒಂದು ಕ್ಷಣ ಕಳಚಿಕೊಂಡರೂ ಮೂಲ ಕಡತವ್ಯವಸ್ಥೆಯೇ ಮಾಯವಾಗುತ್ತದೆ. ಮೌಸ್ ಸೂಚಿ ಓಡಾಡುತ್ತಿದ್ದರೂ ಯಾವ ಮೆನುವೂ ತೆರೆಯುವುದಿಲ್ಲ, ಪವರ್ ಬಟನ್ ಒತ್ತಿ ಹಿಡಿಯುವುದೊಂದೇ ಉಳಿಯುವ ದಾರಿ. ನನ್ನ ಮೊದಲ ಕೇಸಿನ ಚಿಪ್ಪು ಯುಎಎಸ್ ಎಂಬ ವೇಗದ ಯುಎಸ್‌ಬಿ ಡ್ರೈವರಿನೊಡನೆ ಹೊಂದಿಕೊಳ್ಳದೆ, ಭಾರದ ಕೆಲಸ ಬಿದ್ದಾಗ ಹೀಗೆ ಮಾಡುತ್ತಿತ್ತು. ಕರ್ನಲ್‌ಗೆ ಕ್ವರ್ಕ್ (ತೊಡಕಿನ ಸಾಧನಕ್ಕೆಂದು ಕೊಡುವ ವಿಶೇಷ ಸೂಚನೆ) ಕೊಟ್ಟು ಹಳೆಯ ಯುಎಸ್‌ಬಿ-ಸ್ಟೋರೇಜ್ ಡ್ರೈವರಿಗೆ ಇಳಿಸಿದ ಮೇಲೆ ವೇಗ ಕುಂದಿದರೂ ಕಾಟ ತಪ್ಪಿತು. ಮುಂದೆ ಕೇಸನ್ನೇ ಬದಲಿಸಿದೆ. ಡೆಸ್ಕ್‌ಟಾಪ್‌ಗಳಲ್ಲಿ ಮುಂಭಾಗದ ಸಡಿಲ ಪೋರ್ಟ್ ಬಿಟ್ಟು ಮದರ್‌ಬೋರ್ಡಿಗೆ ನೇರವಾಗಿ ಸೇರಿದ ಹಿಂಬದಿಯದನ್ನೇ ಬಳಸುತ್ತೇನೆ, ಕೇಬಲ್ ಗೇಣುದ್ದಕ್ಕಿಂತ ಹೆಚ್ಚಿರಬಾರದು.

ಕನ್ನಡದ ಏರ್ಪಾಡು ಇದೆಲ್ಲದರ ಮುಂದೆ ಸುಲಭದ್ದು. ಕೀಲಿಮಣೆ ತಂತ್ರಾಂಶವಾದ ಐಬಸ್‌ನಲ್ಲಿ ಎಂ17ಎನ್ ಎಂಬ ವಿನ್ಯಾಸಗಳ ಸಂಗ್ರಹದ ಮೂಲಕ ಕೆಜಿಪಿ ವಿನ್ಯಾಸ, ಡೆಬಿಯನ್ ಭಂಡಾರದಲ್ಲಿಯೇ ದೊರೆಯುವ ಗುಬ್ಬಿ, ನವಿಲು ಮತ್ತು ನೋಟೋ ಫಾಂಟುಗಳು, ಸ್ಕ್ಯಾನ್ ಮಾಡಿದ ಪುಟಗಳನ್ನು ಓದಲು ಟೆಸೆರಾಕ್ಟ್‌ನ ಕನ್ನಡ ಡೇಟಾ. ಇವೆಲ್ಲ ಒಂದೇ ಕಡೆ ನೆಲೆನಿಂತ ಮೇಲೆ ಸಾಲು ಜಾರುವ ಗೋಳು ಇಲ್ಲವಾಯಿತು.

ಯಂತ್ರದ ಒಳಡಿಸ್ಕನ್ನು ನಾನು ಮೌಂಟ್ ಮಾಡುವುದಿಲ್ಲ, ಅಂದರೆ ತೆರೆದು ಬಳಸುವುದಿಲ್ಲ. ಫಾಸ್ಟ್ ಸ್ಟಾರ್ಟಪ್ ಇರುವ ವಿಂಡೋಸ್ ಶಟ್‌ಡೌನ್ ಆದಂತೆ ಕಂಡರೂ ಅರೆನಿದ್ದೆಯಲ್ಲಿರುತ್ತದೆ, ಆಗ ಅದರ ಡಿಸ್ಕಿಗೆ ಬರೆದರೆ ಕಡತಗಳು ಕೆಡಬಹುದು. ಯುಎಸ್‌ಬಿ ಬೂಟ್ ನಿಷೇಧಿಸಿರುವ ಕಚೇರಿಗಳಲ್ಲಿ ಡ್ರೈವನ್ನು ಹೊರಗೇ ತೆಗೆಯುವುದಿಲ್ಲ. ಮುಖಪುಟ ಮಾಡುವ ಗೆಳೆಯರ ಮ್ಯಾಕ್‌ಗಳಲ್ಲಿಯೂ ಇದು ನಡೆಯದು: ಆಪಲ್‌ನ ಟಿ2 ಎಂಬ ಭದ್ರತಾ ಚಿಪ್ ಇರುವ ಇಂಟೆಲ್ ಮ್ಯಾಕ್‌ಗಳು ಹೊರಗಿನ ಡ್ರೈವ್‌ನಿಂದ ಏಳುವುದನ್ನು ಮೊದಲಿನಿಂದಲೇ ತಡೆದಿರುತ್ತವೆ, ಆಪಲ್ ಸಿಲಿಕಾನ್ ಮ್ಯಾಕ್‌ಗಳ ಪ್ರೊಸೆಸರ್ ಜಾತಿಯೇ ಬೇರೆ. ಅಲ್ಲಿಗೆ ಹೋಗುವಾಗ ಫಾಂಟುಗಳನ್ನು ಒಳಸೇರಿಸಿದ ಪಿಡಿಎಫ್ ಒಂದನ್ನು ಸಾಧಾರಣ ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಹೋಗುತ್ತೇನೆ.